‘ಏನೂ ಬದಲಾಗಲ್ಲ’ ಎಂದು ನಾನು ಹೇಳಿದ ದಿನ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಟೀಮ್ ನಡೆಸುವವರು. ನಮ್ಮ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡುಕೊಂಡಾಗ ಒಳಗಿನವರಿಗೆ ಏನಾಗುತ್ತದೆ ಅಂತ ಹೇಳಲು ನನ್ನನ್ನು ಕರೆದಿದ್ದೀರಿ. ಷೇರು, ಬೆಲೆ, ಕಾಗದಪತ್ರದ ವಿಷಯ ವಕೀಲರಿಗೆ, ಆಡಿಟರ್‌ಗಳಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಹೇಳುವುದು ನಡುವೆ ಸಿಕ್ಕಿಕೊಂಡವರ ಮಾತು. ಮೇಲಿನವರಿಗೆ ಎಲ್ಲ ಗೊತ್ತಿರುತ್ತದೆ, ಕೆಳಗಿನವರಿಗೆ ಏನೂ ಗೊತ್ತಿರುವುದಿಲ್ಲ. ಮ್ಯಾನೇಜರ್‌ಗೆ ಅರ್ಧ ಗೊತ್ತಿರುತ್ತದೆ. ಆ ಅರ್ಧವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ದಿನವೂ ಆಫೀಸಿಗೆ ಬರಬೇಕು. ಅಡಕತ್ತರಿಗೆ ಸಿಕ್ಕ ಅಡಿಕೆ ಅಂತೀವಲ್ಲ, ಹಾಗೆ.

ಒಂದು ಎಕ್ಸೆಲ್ ಶೀಟಿನಿಂದ ಶುರು ಮಾಡುತ್ತೇನೆ.

ಒಂದು ಸಂಜೆ ನಮ್ಮ ಮುಖ್ಯಸ್ಥರು ಒಳಗೆ ಕರೆದು ಬಾಗಿಲು ಹಾಕಿದರು. ಮೊದಲು ಗೋಪ್ಯತೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಆಮೇಲೆ ವಿಷಯ ಹೇಳಿದರು. ಕಂಪನಿ ಮಾರುವ ಮಾತುಕತೆ ತುಂಬಾ ಮುಂದೆ ಹೋಗಿದೆ, ಯಾರಿಗೂ ತಿಳಿಯಬಾರದು. ಆ ವ್ಯವಹಾರಕ್ಕೆ ಒಂದು ಗುಪ್ತ ಹೆಸರಿತ್ತು. ಮೇಲ್‌ನಲ್ಲಿ ಕೊಳ್ಳುವವರ ನಿಜವಾದ ಹೆಸರು ಬರೆಯುವಂತಿರಲಿಲ್ಲ. ಮರುದಿನ ನನಗೊಂದು ಶೀಟ್ ಬಂತು. ನನ್ನ ಕೈಕೆಳಗಿನ 43 ಜನರ ಹೆಸರು. ಪಕ್ಕದಲ್ಲಿ ಸೇರಿದ ವರ್ಷ, ಹುದ್ದೆ, ಸಂಬಳ, ನೋಟಿಸ್ ಪೀರಿಯಡ್. ಕೊನೆಯ ಕಾಲಂನ ತಲೆಬರಹ ‘ಅತ್ಯಗತ್ಯವೇ?’ ಹೌದು ಅಥವಾ ಇಲ್ಲ ಅಂತ ತುಂಬಬೇಕು. ಮೂರು ದಿನ ಟೈಮ್.

ಇದಕ್ಕೆ ಡ್ಯೂ ಡಿಲಿಜೆನ್ಸ್ ಅಂತಾರೆ ಅಂತ ನಿಮಗೆ ಗೊತ್ತು. ಕೊಳ್ಳುವವರು ಹಣ ಕೊಡುವ ಮೊದಲು ಎಲ್ಲವನ್ನೂ ಬಿಡಿಸಿ ನೋಡುತ್ತಾರೆ. ಗ್ರಾಹಕರ ಕರಾರು, ಬಾಕಿ ತೆರಿಗೆ, ಕೋರ್ಟಿನಲ್ಲಿರುವ ತಕರಾರು, ಬಾಡಿಗೆ ಒಪ್ಪಂದ, ನೌಕರರ ಪಟ್ಟಿ, ಎಲ್ಲವೂ ಕೊಳ್ಳುವವರು ನೋಡಲೆಂದು ಕಾಗದಪತ್ರ ಸೇರಿಸಿಡುವ ಡೇಟಾ ರೂಮ್‌ಗೆ ಹೋಗುತ್ತವೆ. ಗುಟ್ಟಾಗಿ ಇಡುವುದಕ್ಕೆ ನ್ಯಾಯವಾದ ಕಾರಣಗಳೂ ಇವೆ. ಷೇರುಪೇಟೆಯಲ್ಲಿರುವ ಕಂಪನಿಯಾದರೆ ಸುದ್ದಿ ಸೋರಿದರೆ ಕಾನೂನಿನ ತೊಂದರೆ. ವ್ಯವಹಾರ ಮುರಿದುಬಿದ್ದರೆ ಗ್ರಾಹಕರೂ ನೌಕರರೂ ಸುಮ್ನೆ ಹೆದರಿ ಓಡಿಹೋಗಿರುತ್ತಾರೆ. ಇದೆಲ್ಲ ನನಗೆ ಆಗಲೂ ಅರ್ಥವಾಗಿತ್ತು. ಆದರೂ ಮಧ್ಯಾಹ್ನ ಟೀಮಿನವರ ಜೊತೆ ಒಂದೇ ಟೇಬಲ್ಲಿನಲ್ಲಿ ಕೂತು, ಒಬ್ಬ ಹುಡುಗ ಮನೆ ಸಾಲಕ್ಕೆ ಅರ್ಜಿ ಹಾಕುತ್ತಿದ್ದೇನೆ ಅಂತ ಖುಷಿಯಿಂದ ಹೇಳಿದಾಗ, ನಾನು ತಟ್ಟೆ ನೋಡುತ್ತಾ ‘ಒಳ್ಳೆಯದಾಯಿತು’ ಅಂದೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಶೀಟಿಗೆ ವಾಪಸ್ ಬರುತ್ತೇನೆ. ಅದನ್ನು ರಾತ್ರಿ ಮನೆಯಲ್ಲಿ ಕೂತು ತುಂಬಿದೆ. ಹೇಗೆ ತುಂಬಿದೆ? ಹುದ್ದೆ ನೋಡಿಕೊಂಡು. ಹಿರಿಯ ಎಂಜಿನಿಯರ್, ಹೌದು. ದೊಡ್ಡ ಗ್ರಾಹಕರನ್ನು ನೋಡಿಕೊಳ್ಳುವವರು, ಹೌದು. ಬಿಲ್ಲಿಂಗ್ ಸೆಕ್ಷನ್‌ನಲ್ಲಿ ಒಬ್ಬರಿದ್ದರು, ಹನ್ನೊಂದು ವರ್ಷದಿಂದ ಅದೇ ಕುರ್ಚಿ. ಅವರ ಹೆಸರಿನ ಮುಂದೆ ಎರಡು ಸೆಕೆಂಡ್ ಕೂಡ ಯೋಚಿಸದೆ ‘ಇಲ್ಲ’ ಅಂತ ಹಾಕಿ ಮುಂದಿನ ಸಾಲಿಗೆ ಹೋದೆ.

ಆರು ವಾರದ ನಂತರ ಸುದ್ದಿ ಹೊರಬಿತ್ತು. ಬೆಳಿಗ್ಗೆ ಹತ್ತಕ್ಕೆ ಎಲ್ಲರನ್ನೂ ಸೇರಿಸಿದರು. ಮುಖ್ಯಸ್ಥರು ಮಾತಾಡಿದರು, ಕೊಂಡವರ ಕಡೆಯ ಒಬ್ಬರು ಮಾತಾಡಿದರು. ಚಪ್ಪಾಳೆ ಬಿತ್ತು. ಆಮೇಲೆ ಎಲ್ಲರೂ ಅವರವರ ಮ್ಯಾನೇಜರ್ ಹತ್ತಿರ ಬಂದರು. ಜನ ಯಾವತ್ತೂ ಹಾಗೇ, ವೇದಿಕೆಯ ಮಾತು ಕೇಳುತ್ತಾರೆ, ನಂಬುವುದು ಮಾತ್ರ ದಿನವೂ ಮುಖ ನೋಡುವವರನ್ನು. ನನ್ನ ಟೇಬಲ್ಲಿನ ಸುತ್ತ ಹದಿನೈದು ಜನ ನಿಂತಿದ್ದರು. ಬಿಲ್ಲಿಂಗ್‌ನವರೂ ಇದ್ದರು. ಅವರೇ ಕೇಳಿದ್ದು: ‘ಸರ್, ನಿಜ ಹೇಳಿ. ನಮಗೇನೂ ಆಗಲ್ಲ ತಾನೇ?’

ನಾನು ಹೇಳಿದೆ: ‘ಏನೂ ಬದಲಾಗಲ್ಲ. ನೀವು ನಿಮ್ಮ ಕೆಲಸ ಮಾಡಿಕೊಂಡು ಹೋಗಿ.’

ಮೋಸ ಮಾಡಬೇಕು ಅಂತ ಹೇಳಿದ್ದಲ್ಲ. ಅವರ ಮುಖ ಸಪ್ಪಗಾಗಿತ್ತು, ನೋಡಲಾಗಲಿಲ್ಲ. ಕನಿಕರದಿಂದಲೇ ಹೇಳಿದೆ. ಆದರೆ ಆ ಮಾತು ಹೇಳಲು ನನಗೆ ಯಾರೂ ಅಧಿಕಾರ ಕೊಟ್ಟಿರಲಿಲ್ಲ. ಅದು ನಿಜವೋ ಸುಳ್ಳೋ ನನಗೇ ಗೊತ್ತಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈ ಮಾತಿನ ಚರಿತ್ರೆ ದೊಡ್ಡದು. 1998ರಲ್ಲಿ ಜರ್ಮನಿಯ ಡೈಮ್ಲರ್ ಬೆಂಝ್, ಅಮೆರಿಕದ ಕ್ರೈಸ್ಲರ್ ಅನ್ನುವ ಎರಡು ಕಾರು ಕಂಪನಿಗಳು ಕೂಡಿದಾಗ ಅದನ್ನು ‘ಸಮಾನರ ವಿಲೀನ’ ಅಂತ ಸಾರಿದರು. ಕ್ರೈಸ್ಲರ್‌ನ ಜನ ಅದನ್ನು ನಂಬಿದರು. ಎರಡೇ ವರ್ಷದಲ್ಲಿ, 2000ದಲ್ಲಿ, ಕೂಡಿದ ಕಂಪನಿಯ ಮುಖ್ಯಸ್ಥ ಯೂರ್ಗನ್ ಶ್ರೆಂಪ್ ಒಂದು ಪತ್ರಿಕಾ ಸಂದರ್ಶನದಲ್ಲಿ, ಕ್ರೈಸ್ಲರ್ ಒಂದು ವಿಭಾಗವಾಗಿ ಇರಬೇಕು ಅನ್ನುವುದೇ ತಮ್ಮ ಮೊದಲ ಉದ್ದೇಶವಾಗಿತ್ತು ಅನ್ನುವ ಅರ್ಥದಲ್ಲಿ ಮಾತಾಡಿದರು. ದೊಡ್ಡ ಷೇರುದಾರ ಕರ್ಕ್ ಕರ್ಕೋರಿಯನ್ ಕೋರ್ಟಿಗೆ ಹೋದರು. ಕೇಸ್ ಗೆಲ್ಲಲಿಲ್ಲ, ನಿಜ. ಆದರೆ 2007ರಲ್ಲಿ ಕ್ರೈಸ್ಲರ್‌ನ 80.1 ಶೇಕಡಾ ಪಾಲನ್ನು ಇನ್ನೊಬ್ಬರಿಗೆ ಮಾರಿ ಡೈಮ್ಲರ್ ಕೈಬಿಟ್ಟಿತು. ಕಾರು ಮಾಡುವುದು ಎರಡೂ ಕಡೆಯವರಿಗೂ ಚೆನ್ನಾಗಿ ಗೊತ್ತಿತ್ತು. ಆ ವಿಲೀನ ಮುರಿದದ್ದಕ್ಕೆ ಕಾರಣಗಳು ಹಲವು. ನನಗೆ ಎದ್ದು ಕಾಣುವುದು ಮಾತ್ರ ಕೊಟ್ಟ ಮಾತಿನ ವಿಷಯ.

ಇನ್ನೊಂದು ಕಡೆ ನೋಡಿ. 2006ರಲ್ಲಿ ಡಿಸ್ನಿ, ಅನಿಮೇಷನ್ ಸಿನಿಮಾ ಮಾಡುವ ಪಿಕ್ಸಾರ್ ಸ್ಟುಡಿಯೋವನ್ನು 740 ಕೋಟಿ ಡಾಲರ್‌ಗೆ ಕೊಂಡಿತು. ಕೊಳ್ಳುವಾಗ ಎರಡೂ ಕಡೆಯವರು ಕೂತು ಪಿಕ್ಸಾರ್‌ನಲ್ಲಿ ಯಾವ್ಯಾವುದು ಬದಲಾಗಬಾರದು ಅಂತ ಒಂದು ಪಟ್ಟಿ ಬರೆದರು. ಅದರಲ್ಲಿ ತೀರಾ ಸಣ್ಣ ವಿಷಯಗಳೂ ಇದ್ದವು. ಇಮೇಲ್ ವಿಳಾಸ ಪಿಕ್ಸಾರ್ ಹೆಸರಲ್ಲೇ ಇರಬೇಕು, ಗೇಟಿನ ಮೇಲಿನ ಬೋರ್ಡ್ ಹಾಗೇ ಇರಬೇಕು. ನಾನು ಇದನ್ನು ಓದಿದ್ದು ತುಂಬಾ ತಡವಾಗಿ. ಓದಿದಾಗ ಅನ್ನಿಸಿದ್ದು ಒಂದೇ. ಅವರು ‘ಏನೂ ಬದಲಾಗಲ್ಲ’ ಅನ್ನಲಿಲ್ಲ. ಇಂಥದ್ದು ಬದಲಾಗಲ್ಲ ಅಂತ ಬರೆದುಕೊಟ್ಟರು. ಬರೆಯದೇ ಉಳಿದದ್ದು ಬದಲಾಗಬಹುದು ಅಂತ ಓದಿದವರಿಗೆ ತಾನಾಗಿಯೇ ತಿಳಿಯುತ್ತದೆ ಅಲ್ವಾ?

ಸರಿ, ನಮ್ಮ ಕಥೆಗೆ ಬರೋಣ. ಸುದ್ದಿ ಹೊರಬಿದ್ದ ದಿನಕ್ಕೂ ಕಂಪನಿ ನಿಜವಾಗಿ ಕೈ ಬದಲಾದ ದಿನಕ್ಕೂ ನಡುವೆ ಐದು ತಿಂಗಳಿತ್ತು. ಸಹಿ ಆದ ಮಾತ್ರಕ್ಕೆ ವ್ಯವಹಾರ ಮುಗಿಯುವುದಿಲ್ಲ. ದೊಡ್ಡ ವ್ಯವಹಾರಗಳಿಗೆ ಪೈಪೋಟಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಒಪ್ಪಿಗೆ ಬೇಕು. ಅಲ್ಲಿವರೆಗೆ ಎರಡೂ ಕಂಪನಿಗಳು ಬೇರೆ ಬೇರೆಯಾಗಿಯೇ ನಡೆಯಬೇಕು. ಇದು ಬಾಯಿಮಾತಿನ ನಿಯಮ ಅಲ್ಲ. 2018ರಲ್ಲಿ ಆಲ್ಟೀಸ್ ಅನ್ನುವ ಟೆಲಿಕಾಂ ಕಂಪನಿ ಒಪ್ಪಿಗೆ ಸಿಗುವ ಮೊದಲೇ ತಾನು ಕೊಳ್ಳುತ್ತಿದ್ದ ಪೋರ್ಚುಗಲ್‌ನ ಕಂಪನಿಯ ನಿರ್ಧಾರಗಳಲ್ಲಿ ಕೈ ಹಾಕಿತು ಅಂತ ಯುರೋಪಿಯನ್ ಕಮಿಷನ್ 12.45 ಕೋಟಿ ಯೂರೋ ದಂಡ ಹಾಕಿತ್ತು. ಹಾಗಾಗಿ ಆ ಐದು ತಿಂಗಳು ನಾವು ಏನು ಕೇಳಿದರೂ ಮೇಲಿನವರಿಂದ ‘ಈಗ ಹೇಳಲು ಬರುವುದಿಲ್ಲ’ ಅನ್ನುವ ಉತ್ತರವೇ. ಅದು ಸತ್ಯವೇ ಆಗಿತ್ತು. ಆದರೆ ಏಕೆ ಹೇಳಲು ಬರುವುದಿಲ್ಲ ಅಂತ ನಮ್ಮ ಜನರಿಗೆ ಯಾರೂ ಬಿಡಿಸಿ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಆ ಖಾಲಿ ಜಾಗದಲ್ಲಿ ಗಾಳಿಮಾತು ಬೆಳೆಯಿತು. ಒಂದು ದಿನ ಕೊಂಡವರ ಕಡೆಯಿಂದ ಇಬ್ಬರು ಬಂದು ಆಫೀಸಿನ ಕುರ್ಚಿ, ಟೇಬಲ್ ಎಣಿಸಿ ಹೋದರು. ಸಂಜೆಯೊಳಗೆ ‘ಆಫೀಸ್ ಮುಚ್ಚುತ್ತಾರೆ’ ಅಂತ ಎಲ್ಲರ ಬಾಯಲ್ಲೂ ಬಂತು. ಅವರು ಎಣಿಸಿದ್ದು ವಿಮೆಗೆ. ಅದು ನನಗೆ ಮರುವಾರ ಗೊತ್ತಾಯಿತು. ಅಷ್ಟರಲ್ಲಿ ಇಬ್ಬರು ಒಳ್ಳೆಯ ಎಂಜಿನಿಯರ್‌ಗಳು ಬೇರೆ ಕಡೆ ಇಂಟರ್‌ವ್ಯೂ ಮುಗಿಸಿದ್ದರು. ಇನ್ನು ರಿಟೆನ್ಷನ್ ಬೋನಸ್. ಆ ಶೀಟಿನಲ್ಲಿ ‘ಹೌದು’ ಅಂತ ಬಿದ್ದ ಕೆಲವರಿಗೆ, ಒಂದು ವರ್ಷ ಬಿಟ್ಟುಹೋಗದಿದ್ದರೆ ಇಷ್ಟು ಹಣ ಅಂತ ಪತ್ರ ಬಂತು. ಯಾರಿಗೂ ಹೇಳಬೇಡಿ ಅಂದಿದ್ದರು. ಎರಡು ದಿನ ಗುಟ್ಟಾಗಿತ್ತು. ಪತ್ರ ಸಿಗದವರಿಗೆ ತಮ್ಮ ಬೆಲೆ ಎಷ್ಟು ಅಂತ ಮೂರನೇ ದಿನ ತಿಳಿಯಿತು.

ಕೈ ಬದಲಾದ ಮೇಲೆ ಆದ ಬದಲಾವಣೆಗಳಲ್ಲಿ ಒಳ್ಳೆಯವೂ ಇದ್ದವು. ಆರೋಗ್ಯ ವಿಮೆ ಮೊದಲಿಗಿಂತ ಎಷ್ಟೋ ಚೆನ್ನಾಗಾಯಿತು. ಚಿಕ್ಕ ವಯಸ್ಸಿನ ಮೂರು ಜನರಿಗೆ ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಜಾಗ ಸಿಕ್ಕಿತು, ನಮ್ಮ ಹಳೆಯ ಕಂಪನಿಯಲ್ಲಿ ಅದು ಹತ್ತು ವರ್ಷಕ್ಕೂ ಸಿಗುತ್ತಿರಲಿಲ್ಲ. ಕೊಂಡವರು ಕೆಟ್ಟವರಲ್ಲ. ದೊಡ್ಡವರು, ಅಷ್ಟೇ. ಮೊದಲು ಒಂದು ಕೇಬಲ್ ಬೇಕಾದರೆ ನಾನೇ ತರಿಸುತ್ತಿದ್ದೆ. ಈಗ ನಾಲ್ಕು ಜನ ಒಪ್ಪಬೇಕು, ಅವರಲ್ಲಿ ಒಬ್ಬರು ಇನ್ನೊಂದು ದೇಶದಲ್ಲಿ ಮಲಗಿರುತ್ತಾರೆ. ಹುದ್ದೆಯ ಹೆಸರುಗಳನ್ನು ಅವರ ಪಟ್ಟಿಗೆ ಹೊಂದಿಸುವಾಗ ಹದಿನಾಲ್ಕು ವರ್ಷ ಕೆಲಸ ಮಾಡಿದ ಒಬ್ಬರು ಒಂದು ಮೆಟ್ಟಿಲು ಕೆಳಗೆ ಬಿದ್ದರು. ಸಂಬಳ ಒಂದು ಪೈಸೆ ಕಡಿಮೆಯಾಗಲಿಲ್ಲ. ಆದರೂ ಅವರು ಮನೆಯಲ್ಲಿ ಹೇಳಿಕೊಳ್ಳಲಾಗದೆ ಎಷ್ಟು ದಿನ ಒದ್ದಾಡಿದರು ಅಂತ ನನಗೆ ಮಾತ್ರ ಗೊತ್ತು.

ಕೈ ಬದಲಾಗಿ ಮೂರು ತಿಂಗಳು ಕಳೆದ ಮೇಲೆ ಬಿಲ್ಲಿಂಗ್ ಕೆಲಸವನ್ನು ಕೊಂಡವರ ಕೇಂದ್ರ ಕಚೇರಿಗೆ ಸೇರಿಸಿದರು. ನಮ್ಮ ಬಿಲ್ಲಿಂಗ್‌ನವರ ಹುದ್ದೆ ಹೋಯಿತು. ನನ್ನ ಶೀಟ್ ನೋಡಿಯೇ ತೆಗೆದರು ಅಂತ ನಾನು ಹೇಳಲಾರೆ. ಆದರೆ ಅವರನ್ನು ಉಳಿಸಿಕೊಳ್ಳಿ ಅನ್ನುವ ಒಂದು ಅಕ್ಷರವೂ ಆ ಕಂಪನಿಯ ಯಾವ ಕಡತದಲ್ಲೂ ಇರಲಿಲ್ಲ. ಇರಬೇಕಿದ್ದದ್ದು ನನ್ನ ಕೈಯಿಂದ.

ಆಮೇಲೆ ಬಿಲ್‌ಗಳು ವಾಪಸ್ ಬರತೊಡಗಿದವು. ಒಬ್ಬ ಹಳೆಯ ಗ್ರಾಹಕರಿಗೆ ಪರ್ಚೇಸ್ ಆರ್ಡರ್ ನಂಬರ್ ಬಿಲ್ಲಿನ ಮೇಲ್ಭಾಗದಲ್ಲೇ ಇರಬೇಕು, ಇಲ್ಲದಿದ್ದರೆ ಅವರ ಸಿಸ್ಟಮ್ ತೆಗೆದುಕೊಳ್ಳುವುದಿಲ್ಲ. ಇನ್ನೊಬ್ಬರಿಗೆ ಎರಡು ಶಾಖೆಗೆ ಎರಡು ಬಿಲ್ ಬೇಕು. ಮತ್ತೊಬ್ಬರಿಗೆ 25ನೇ ತಾರೀಕಿನೊಳಗೆ ಹೋಗಬೇಕು, ತಪ್ಪಿದರೆ ಹಣ ಒಂದು ತಿಂಗಳು ಮುಂದಕ್ಕೆ. ಇದ್ಯಾವುದೂ ಎಲ್ಲೂ ಬರೆದಿರಲಿಲ್ಲ. ಹನ್ನೊಂದು ವರ್ಷ ಒಬ್ಬರ ತಲೆಯಲ್ಲಿತ್ತು. ಬರಬೇಕಾದ ಹಣ ಏಕೆ ನಿಂತಿದೆ ಅಂತ ಮೇಲಿನಿಂದ ಕೇಳಿದಾಗ ಯಾರ ಹತ್ತಿರವೂ ಉತ್ತರವಿಲ್ಲ.

ಲೆಕ್ಕದ ಪುಸ್ತಕದಲ್ಲಿ ಗುಡ್‌ವಿಲ್ ಅಂತ ಒಂದು ಸಾಲು ಇರುತ್ತದೆ. ಕೊಂಡ ಕಂಪನಿಯ ಆಸ್ತಿಯಿಂದ ಸಾಲ ಕಳೆದು, ಉಳಿದದ್ದಕ್ಕಿಂತ ಎಷ್ಟು ಜಾಸ್ತಿ ಹಣ ಕೊಟ್ಟಿದ್ದಾರೋ ಅದು ಆ ಸಾಲಿಗೆ ಹೋಗುತ್ತದೆ. ಬ್ರ್ಯಾಂಡ್, ಪೇಟೆಂಟ್, ಗ್ರಾಹಕರ ಕರಾರು ಇವಕ್ಕೆಲ್ಲ ಬೇರೆ ಬೇರೆ ಬೆಲೆ ಕಟ್ಟಿ ಬರೆಯಬಹುದು. ಆದರೆ ಕೆಲಸ ಕಲಿತು ಒಟ್ಟಿಗೆ ಪಳಗಿದ ಜನರಿಗೆ ಬೇರೆ ಸಾಲು ಕೊಡುವಂತಿಲ್ಲ. ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮವೇ ಹಾಗಿದೆ, ಅವರು ಗುಡ್‌ವಿಲ್‌ನೊಳಗೆ ಕರಗಿಹೋಗುತ್ತಾರೆ. ನಿಯಮಕ್ಕೆ ಅದರದ್ದೇ ಕಾರಣವಿದೆ. ಕಂಪನಿ ಜನರನ್ನು ಕೊಂಡುಕೊಳ್ಳಲಾಗದು, ಅವರು ನಾಳೆ ಎದ್ದು ಹೋಗಬಹುದು. ಹಾಗಿರುವಾಗ ಲೆಕ್ಕದಲ್ಲಿ ಕಾಣದ ಇವರನ್ನು ಕಾಣಬಲ್ಲವರು ಯಾರು? ದಿನವೂ ಅವರ ಜೊತೆ ಕೆಲಸ ಮಾಡುವ ಮ್ಯಾನೇಜರ್ ಮಾತ್ರ. ನನಗೆ ಆ ಅವಕಾಶ ಸಿಕ್ಕಿತ್ತು, ಒಂದು ಕಾಲಂ ರೂಪದಲ್ಲಿ.

ಕೊನೆಗೆ ಆ ಬಿಲ್ಲಿಂಗ್‌ನವರಿಗೇ ಫೋನ್ ಮಾಡಿದೆ. ತುಂಬಾ ಸಂಕೋಚವಾಯಿತು. ಅವರು ಮಾತ್ರ ಎಂದಿನಂತೆಯೇ ಮಾತಾಡಿದರು. ನಲವತ್ತು ನಿಮಿಷ, ಒಂದೊಂದೇ ಗ್ರಾಹಕರ ಹೆಸರು ಹಿಡಿದು, ಯಾರಿಗೆ ಏನು ಬೇಕು ಅಂತ ಬಾಯಿಪಾಠದಂತೆ ಹೇಳಿದರು. ನಾನು ಬರೆದುಕೊಂಡೆ, ಆರು ಪುಟವಾಯಿತು. ಫೋನ್ ಇಡುವ ಮೊದಲು ಅವರು ಕೇಳಿದರು: ‘ಸರ್, ಅವತ್ತು ನಿಮಗೆ ಗೊತ್ತಿತ್ತಾ?’

‘ಗೊತ್ತಿರಲಿಲ್ಲಮ್ಮ,’ ಅಂದೆ. ‘ಆದರೆ ಗೊತ್ತಿಲ್ಲ ಅಂತ ನಿಮಗೆ ಹೇಳಲಿಲ್ಲ. ಅದು ನನ್ನ ತಪ್ಪು.’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಅವತ್ತೇ ಹೇಳಿದ್ದರೆ ಆಗಿನಿಂದಲೇ ಬೇರೆ ಕೆಲಸ ಹುಡುಕುತ್ತಿದ್ದೆ ಸರ್,’ ಅಂದರು. ಬೈಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಅದಾದ ಮೇಲೆ ನಾನು ಟೀಮಿನ ಜೊತೆ ಪ್ರತಿ ಗುರುವಾರ ಅರ್ಧ ಗಂಟೆ ಕೂರಲು ಶುರು ಮಾಡಿದೆ. ಬೋರ್ಡಿನ ಮೇಲೆ ಮೂರು ಭಾಗ. ನನಗೆ ಗೊತ್ತಿರುವುದು, ಗೊತ್ತಿಲ್ಲದ್ದು, ಗೊತ್ತಿದ್ದರೂ ಹೇಳಲಾಗದ್ದು. ಮೂರನೆಯದನ್ನು ಬರೆಯಲು ಮೊದಮೊದಲು ಹೆದರಿಕೆಯಾಗುತ್ತಿತ್ತು. ಜನ ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಆಗಲಿಲ್ಲ. ‘ಯಾವಾಗ ಹೇಳಬಹುದು?’ ಅಂತ ಕೇಳಿದರು. ತಾರೀಕು ಗೊತ್ತಿದ್ದರೆ ತಾರೀಕು ಬರೆಯುತ್ತಿದ್ದೆ. ಕೆಲವು ವಾರ ಬೋರ್ಡಿನಲ್ಲಿ ಹೊಸದೇನೂ ಇರುತ್ತಿರಲಿಲ್ಲ, ಆದರೂ ಕೂರುತ್ತಿದ್ದೆವು. ಮೀಟಿಂಗ್ ರದ್ದಾದ ಒಂದೇ ಒಂದು ವಾರ ಮತ್ತೆ ಗುಸುಗುಸು ಶುರುವಾಗಿತ್ತು.

ಮೂರು ವರ್ಷದ ಮೇಲೆ, ನಮ್ಮನ್ನು ಕೊಂಡ ಅದೇ ಕಂಪನಿ ಇನ್ನೊಂದು ಸಣ್ಣ ಕಂಪನಿಯನ್ನು ಕೊಳ್ಳಲು ಹೊರಟಿತು. ಈ ಸಲ ನಾನು ಟೇಬಲ್ಲಿನ ಆ ಕಡೆ. ಅವರ ಮ್ಯಾನೇಜರ್ ತುಂಬಿದ ಶೀಟ್ ನನ್ನ ಕೈಗೆ ಬಂತು. ಅದೇ ಕಾಲಂಗಳು, ಅದೇ ಹೌದು, ಇಲ್ಲ. ವಕೀಲರನ್ನು ಕೇಳಿ, ಅವರು ಸರಿ ಅಂದ ಮೇಲೆ, ಆ ಮ್ಯಾನೇಜರ್‌ಗೆ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿದೆ. ‘ನಿಮ್ಮಲ್ಲಿ ಏನಾದರೂ ಕೆಟ್ಟು ನಿಂತರೆ, ಎಲ್ಲರೂ ಮೊದಲು ಯಾರ ಹತ್ತಿರ ಹೋಗುತ್ತಾರೆ?’

ಅವರು ಯೋಚಿಸಿ ಮೂರು ಹೆಸರು ಹೇಳಿದರು. ಶೀಟಿನಲ್ಲಿ ಹುಡುಕಿದೆ. ಎರಡು ಹೆಸರಿನ ಮುಂದೆ ‘ಇಲ್ಲ’ ಅಂತ ಇತ್ತು. ಅದನ್ನು ಅವರಿಗೆ ಓದಿ ಹೇಳಿದೆ. ‘ಆ ಶೀಟ್ ವಾಪಸ್ ಕಳಿಸ್ತೀರಾ ಸರ್, ಇನ್ನೊಂದು ಸಲ ತುಂಬುತ್ತೇನೆ,’ ಅಂದರು. ಅವತ್ತೇ ಕಳಿಸಿದೆ.

ನಾನು ಹೇಳಬೇಕಿದ್ದದ್ದು ಇಷ್ಟು. ನಿಮ್ಮಲ್ಲಿ ಯಾರಾದರೂ ಈಗ ಇಂಥದ್ದರ ನಡುವೆ ಇದ್ದರೆ, ಕಂಪನಿಯ ಹೆಸರು ಹೇಳುವುದು ಬೇಡ, ಪ್ರಶ್ನೆ ಕೇಳಿ.