ಕೊಲರಾಡೋದ ಒಂಬತ್ತು ಮತ

ಸ್ನೇಹಿತರೇ, ನಮಸ್ಕಾರ.

2004ರ ನವೆಂಬರ್ 2. ಅಮೆರಿಕದ ಕೊಲರಾಡೋ ರಾಜ್ಯ. ಅಲ್ಲಿನ ಮತಪತ್ರದಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ರಿಪಬ್ಲಿಕನ್ ಪಕ್ಷದ ಬುಷ್, ಡೆಮಾಕ್ರಟಿಕ್ ಪಕ್ಷದ ಕೆರ್ರಿ ಮೊದಲಾದವರ ಹೆಸರಿತ್ತು. ಅದರಲ್ಲೇ ರಾಜ್ಯದ ಸಂವಿಧಾನಕ್ಕೆ 'ತಿದ್ದುಪಡಿ 36' ಅಂತ ಒಂದು ಪ್ರಶ್ನೆಯೂ ಇತ್ತು. ಹೌದು ಅಥವಾ ಇಲ್ಲ ಅನ್ನಬೇಕು. ಅಧ್ಯಕ್ಷರಿಗೆ ಹಾಕಿದ ಮತವನ್ನು ಲೆಕ್ಕ ಹಿಡಿಯುವುದು ಹೇಗೆ ಅನ್ನುವುದೇ ಆ ಪ್ರಶ್ನೆ. ಅದೂ ಮುಂದಿನ ಸಲಕ್ಕಲ್ಲ, ಆವತ್ತಿನ ಚುನಾವಣೆಗೇ!

ಅಮೆರಿಕದ ಅಧ್ಯಕ್ಷರನ್ನು ಆರಿಸುವವರು 538 ಎಲೆಕ್ಟರುಗಳು, ಅಂದರೆ ರಾಜ್ಯಗಳ ಪರವಾಗಿ ಮತ ಹಾಕುವ ಪ್ರತಿನಿಧಿಗಳು. 270 ಸಿಕ್ಕಿದವರು ಗೆದ್ದರು. 48 ರಾಜ್ಯಗಳಲ್ಲಿ ಒಂದೇ ಒಂದು ಮತ ಜಾಸ್ತಿ ಬಂದರೂ ಸಾಕು, ಆ ರಾಜ್ಯದ ಎಲೆಕ್ಟರುಗಳೆಲ್ಲ ಅವರಿಗೇ. ಮೇನ್ ಮತ್ತು ನೆಬ್ರಾಸ್ಕಾ ಮಾತ್ರ ಕ್ಷೇತ್ರವಾರು ಹಂಚುತ್ತವೆ. ನಮ್ಮ ರಾಷ್ಟ್ರಪತಿ ಚುನಾವಣೆ ನೆನಪಿಸಿಕೊಳ್ಳಿ. ಕರ್ನಾಟಕದ 224 ಶಾಸಕರು ತಂತಮ್ಮ ಮತ ಹಾಕುತ್ತಾರೆ, ರಾಜ್ಯದ ಮತವೆಲ್ಲ ಒಬ್ಬರಿಗೇ ಹೋಗುವುದಿಲ್ಲ. ಅಲ್ಲಿ ಹಾಗಲ್ಲ. ಇದು ಅಮೆರಿಕದ ಸಂವಿಧಾನದಲ್ಲಿ ಬರೆದ ನಿಯಮವೂ ಅಲ್ಲ. ಸಂವಿಧಾನ ಇದನ್ನು ಆಯಾ ರಾಜ್ಯದ ಶಾಸನಸಭೆಗೆ ಬಿಟ್ಟಿದೆ. ಹಾಗಾದರೆ ಜನರೇ ಮತ ಹಾಕಿ ಬದಲಾಯಿಸಬಹುದೇ ಅನ್ನುವ ತಕರಾರೂ ಆಗ ಎದ್ದಿತ್ತು.

ತಿದ್ದುಪಡಿ ಕೇಳಿದ್ದು ಸರಳ: ಎಷ್ಟು ಮತವೋ ಅಷ್ಟು ಪಾಲು.

ಯಾಕೆ ಬೇಕಿತ್ತು ಅಂದರೆ 2000ನೇ ಇಸವಿ ನೋಡಿ. ಕೊಲರಾಡೋದಲ್ಲಿ ಬುಷ್ ಎದುರು ನಿಂತಿದ್ದ ಅಲ್ ಗೋರ್‌ಗೆ 7,38,000ಕ್ಕೂ ಜಾಸ್ತಿ ಜನ ಮತ ಹಾಕಿದ್ದರು. ಸಿಕ್ಕಿದ ಎಲೆಕ್ಟರು ಸೊನ್ನೆ. ಎಂಟೂ ಬುಷ್‌ಗೆ ಹೋದವು. ಪಾಲು ಹಾಕಿದ್ದರೆ 5–3 ಆಗುತ್ತಿತ್ತು. ಆ ಸಲ ಇಡೀ ದೇಶದಲ್ಲಿ ಬುಷ್‌ಗೆ ಬಂದದ್ದು 271. ಅದರಲ್ಲಿ 3 ಕಳೆದರೆ 268, ಗೆಲ್ಲಲು ಸಾಲದು. ಒಂದು ರಾಜ್ಯದ ಲೆಕ್ಕದ ರೀತಿ ಇಷ್ಟು ದೂರ ಹೋಗುತ್ತೆ, ಅಲ್ವಾ?

ಆದರೂ ವಿರೋಧಿಸಿದವರ ಮಾತನ್ನು ಸುಮ್ನೆ ತಳ್ಳಿಹಾಕಬಾರದು. ಆಗಿನ ಗವರ್ನರ್ ಬಿಲ್ ಓವೆನ್ಸ್ ರಿಪಬ್ಲಿಕನ್ ಪಕ್ಷದವರು, ತಿದ್ದುಪಡಿಗೆ ವಿರುದ್ಧವಾಗಿದ್ದರು. ಪಕ್ಷದ ಲಾಭ ಪಕ್ಕಕ್ಕಿಟ್ಟು ಬರೀ ಲೆಕ್ಕ ನೋಡೋಣ. 2004ರಲ್ಲಿ ಕೊಲರಾಡೋಗೆ 9 ಎಲೆಕ್ಟರುಗಳು. ಬುಷ್‌ಗೆ ಸುಮಾರು 11 ಲಕ್ಷ ಮತ, ಕೆರ್ರಿಗೆ ಸುಮಾರು 10 ಲಕ್ಷ. ಪಾಲು ಹಾಕಿದರೆ 5–4. ಗೆದ್ದವರಿಗೆ ಉಳಿಯುವ ಲಾಭ ಒಂದೇ ಎಲೆಕ್ಟರು. ಪಕ್ಕದ ವಯೋಮಿಂಗ್‌ಗೆ ಇರುವುದೇ ಮೂರು, ಆದರೆ ಮೂರೂ ಒಬ್ಬರಿಗೇ ಸಿಗುತ್ತವೆ. ಅಂದರೆ ಒಂಬತ್ತು ಇರುವ ರಾಜ್ಯ ಮೂರು ಇರುವ ರಾಜ್ಯಕ್ಕಿಂತ ಹಗುರವಾಗುತ್ತಿತ್ತು. ಅಷ್ಟಕ್ಕೆ ಯಾವ ಅಭ್ಯರ್ಥಿ ಅಲ್ಲಿಗೆ ಓಡಿ ಬರುತ್ತಾನೆ, ಯಾರು ಆ ಜನರ ನೀರಿನ ಸಮಸ್ಯೆ ಕೇಳುತ್ತಾರೆ?

ಮೂರರಲ್ಲಿ ಸುಮಾರು ಎರಡು ಪಾಲು ಜನ 'ಇಲ್ಲ' ಅಂದರು. ಒಂಬತ್ತೂ ಬುಷ್‌ಗೆ ಹೋದವು.

ನನಗೆ ಅನ್ನಿಸುವುದು ಇಷ್ಟು. ಪಾಲು ಹಂಚುವ ಆಸೆ ನ್ಯಾಯವಾದದ್ದು. ಬೇರೆ ಯಾವ ರಾಜ್ಯವೂ ಹೀಗೆ ಪಾಲು ಹಂಚದೆ ಇರುವಾಗ ತಾನೊಬ್ಬನೇ ಹಂಚುತ್ತೇನೆ ಅಂತ ಹೊರಟದ್ದೇ ತೊಡಕು. ಹೀಗನ್ನಲು ಕಾರಣ ಕೊಲರಾಡೋದಲ್ಲೇ ಇದೆ. 2020ರಲ್ಲಿ ಅದೇ ರಾಜ್ಯದ ಜನರ ಮುಂದೆ ಇನ್ನೊಂದು ಪ್ರಶ್ನೆ ಬಂತು: ಇಡೀ ದೇಶದಲ್ಲಿ ಜಾಸ್ತಿ ಮತ ಪಡೆದವರಿಗೇ ನಮ್ಮ ಎಲೆಕ್ಟರುಗಳನ್ನು ಕೊಡೋಣವೇ? ಒಂದು ಷರತ್ತಿತ್ತು. ಒಟ್ಟು 270 ಎಲೆಕ್ಟರುಗಳಾಗುವಷ್ಟು ರಾಜ್ಯಗಳು ಒಪ್ಪುವ ತನಕ ಇದು ಜಾರಿಗೆ ಬರುವುದಿಲ್ಲ. ಈ ಸಲ ಸುಮಾರು 52 ಶೇಕಡಾ ಜನ 'ಹೌದು' ಅಂದರು.

ಆ 270 ಇನ್ನೂ ಕೂಡಿಬಂದಿಲ್ಲ. 2024ರಲ್ಲಿ ಕೊಲರಾಡೋದ ಹತ್ತೂ ಎಲೆಕ್ಟರುಗಳು ಕಮಲಾ ಹ್ಯಾರಿಸ್ ಪಾಲಾದರು. ಅಲ್ಲಿ ಟ್ರಂಪ್‌ಗೆ ಮತ ಹಾಕಿದವರು 13 ಲಕ್ಷಕ್ಕೂ ಜಾಸ್ತಿ. ಈ ಸಲ ಸೊನ್ನೆ ಬಂದದ್ದು ಅವರಿಗೆ.