ಕಾಂಕ್ರೀಟ್ ನೆಲಕ್ಕೆ ಪ್ಲಾಸ್ಟಿಕ್ ನಾರು: ಯಾವುದು, ಎಷ್ಟು, ಹೇಗೆ

ಪುಣೆಯ ಕನ್ನಡ ಬಂಧುಗಳಿಗೆ ನಮಸ್ಕಾರ. ಇಲ್ಲಿ ಕುಳಿತವರಲ್ಲಿ ಅನೇಕರು ಚಾಕಣ, ಭೋಸರಿ ಕಡೆ ಕಾರ್ಖಾನೆ ಶೆಡ್‌ಗಳಿಗೆ ನೆಲ ಹಾಕಿಸುವವರು. ಹಾಗಾಗಿ ನೆಲದ ಮಾತನ್ನೇ ಆಡುತ್ತೇನೆ.

ಫೈಬರ್ ಎಂದು ಕೇಳಿದರೆ ಅಂಗಡಿಯವರು ಎರಡು ಬೇರೆ ಬೇರೆ ಸಾಮಾನು ತೋರಿಸುತ್ತಾರೆ. ಒಂದು ಕೂದಲಿನಷ್ಟು ಸಣ್ಣ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ನಾರು, ಸಾಮಾನ್ಯವಾಗಿ 12 ಮಿ.ಮೀ. ಉದ್ದ. ಇನ್ನೊಂದು 40ರಿಂದ 60 ಮಿ.ಮೀ. ಉದ್ದದ ದಪ್ಪ ನಾರು.

ಸಣ್ಣ ನಾರಿನ ಕೆಲಸವೆಲ್ಲ ಕಾಂಕ್ರೀಟ್ ಹಸಿಯಿರುವ ಮೊದಲ ಕೆಲವು ಗಂಟೆಗಳಲ್ಲೇ. ಏಪ್ರಿಲ್, ಮೇ ತಿಂಗಳ ಒಣಗಾಳಿಗೆ ಮೇಲ್ಮೈಯ ನೀರು ಬೇಗ ಆರುತ್ತದೆ. ಚದರ ಮೀಟರಿಗೆ ಗಂಟೆಗೆ 1 ಕೆ.ಜಿ. ದಾಟಿತೆಂದರೆ ಒಳಗಿನಿಂದ ಮೇಲೇಳುವ ನೀರು ಸಾಲದೆ ಮೈ ಸೀಳುತ್ತದೆ. ಈ ಬಿರುಕನ್ನು ತಡೆಯಲು ಘನಮೀಟರಿಗೆ 900 ಗ್ರಾಂ, ಎಂದರೆ 50 ಕೆ.ಜಿ. ಸಿಮೆಂಟ್ ಮೂಟೆಗೆ ಸುಮಾರು 125 ಗ್ರಾಂ ಸಾಕು.

ದಪ್ಪ ನಾರು ದುಡಿಯುವುದು ಗಟ್ಟಿಯಾದ ಕಾಂಕ್ರೀಟ್ ಬಿರಿದ ಮೇಲೆ. ಬಿರುಕಿನ ಎರಡೂ ದಡವನ್ನು ಹಿಡಿದಿಡುತ್ತದೆ. ನೆಲದ ಮೇಲೆ ಕೂರುವ ಸ್ಲ್ಯಾಬಿನಲ್ಲಿ ವೆಲ್ಡ್ ಮೆಶ್ (ಬೆಸೆದ ಉಕ್ಕಿನ ಜಾಲರಿ) ಬದಲಿಗೆ ಇದನ್ನು ಬಳಸಬಹುದು. ತುಕ್ಕು ಹಿಡಿಯುವ ಭಯವಿಲ್ಲ. ಪ್ರಮಾಣ ಹೆಚ್ಚಾಗಿ ಘನಮೀಟರಿಗೆ 3ರಿಂದ 6 ಕೆ.ಜಿ. ಆದರೆ ಅದನ್ನು ತೀರ್ಮಾನಿಸಬೇಕಾದವರು ನಾರು ಹಾಕಿದ ಕಾಂಕ್ರೀಟ್ ತೊಲೆಯನ್ನು ಬಗ್ಗಿಸಿ ನೋಡುವ ಪರೀಕ್ಷೆಯ ಫಲಿತಾಂಶ ಹಿಡಿದು ಲೆಕ್ಕ ಹಾಕುವ ಎಂಜಿನಿಯರ್, ಮಾರುವವರ ಕರಪತ್ರವಲ್ಲ. ಆದರೆ ತಾರಸಿ, ಬೀಮು, ಕಂಬಗಳಲ್ಲಿ ನಾರು ಹಾಕಿದ್ದೇವೆಂದು ಒಂದು ಸರಳನ್ನೂ ಕಡಿಮೆ ಮಾಡಬೇಡಿ, ದಯವಿಟ್ಟು. ಎಳೆತ ಬಿದ್ದಾಗ ಪಾಲಿಪ್ರೊಪಿಲೀನ್ ಉಕ್ಕಿಗಿಂತ ಬಹಳ ಹೆಚ್ಚು ಹಿಗ್ಗುತ್ತದೆ. ಅದು ಭಾರ ಹಿಡಿಯುವಷ್ಟರಲ್ಲಿ ಬಿರುಕು ಬಾಯಿ ಬಿಟ್ಟಿರುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಕಲಸುವಾಗ. 6 ಘನಮೀಟರಿನ ಟ್ರಾನ್ಸಿಟ್ ಮಿಕ್ಸರ್‌ಗೆ (ಕಾಂಕ್ರೀಟ್ ತರುವ ಡ್ರಮ್ ಲಾರಿಗೆ) ಸಣ್ಣ ನಾರು 5.4 ಕೆ.ಜಿ. ಬೇಕು. ಅಷ್ಟನ್ನೂ ಒಂದೇ ಸಲ ಸುರಿದರೆ ಉಂಡೆ ಕಟ್ಟುತ್ತದೆ. ಕಾಂಕ್ರೀಟ್ ಕಲಸುವ ಪ್ಲಾಂಟಿನಲ್ಲೇ ಜಲ್ಲಿಯ ಜೊತೆ ಹಾಕಿಸುವುದು ಒಳ್ಳೆಯದು. ಸೈಟಿನಲ್ಲೇ ಹಾಕುವುದಾದರೆ ಡ್ರಮ್ ಪೂರ್ಣ ವೇಗದಲ್ಲಿ ತಿರುಗುತ್ತಿರುವಾಗ ಸ್ವಲ್ಪಸ್ವಲ್ಪವೇ ಉದುರಿಸಿ, ಆಮೇಲೆ ಘನಮೀಟರಿಗೆ ಒಂದು ನಿಮಿಷದಂತೆ, ಐದಕ್ಕೆ ಕಡಿಮೆಯಿಲ್ಲದಂತೆ ತಿರುಗಿಸಿ. ಒಂದು ಬೊಗಸೆ ಕಾಂಕ್ರೀಟನ್ನು ಬಕೆಟ್ ನೀರಿನಲ್ಲಿ ಕದಡಿ ನೋಡಿ: ನಾರು ನೀರಿಗಿಂತ ಹಗುರ, ಮೇಲೆ ತೇಲುತ್ತದೆ. ಎಳೆ ಎಳೆಯಾಗಿ ಬಿಡಿಸಿಕೊಂಡಿದ್ದರೆ ಸರಿ, ಜಡೆಯಂತೆ ಅಂಟಿಕೊಂಡಿದ್ದರೆ ಇನ್ನೂ ತಿರುಗಿಸಬೇಕು.

ನಾರು ಬಿದ್ದೊಡನೆ ಸ್ಲಂಪ್, ಎಂದರೆ ಹಸಿ ಕಾಂಕ್ರೀಟ್ ಎಷ್ಟು ಸಡಿಲವಾಗಿದೆ ಎಂಬ ಅಳತೆ, ಇಳಿಯುತ್ತದೆ. ಆಗ ಪೈಪು ಹಿಡಿದು ನೀರು ಬಿಟ್ಟರೆ ಬಲವೂ ಹೋಯಿತು, ನಾರೂ ಮೇಲೆ ತೇಲಿ ಬಂತು. ನೀರು ಸೇರಿಸದೆಯೇ ಕಾಂಕ್ರೀಟನ್ನು ಸಡಿಲಗೊಳಿಸುವ ರಾಸಾಯನಿಕವಾದ ಪ್ಲಾಸ್ಟಿಸೈಜರ್‌ನಿಂದಲೇ ಸರಿಪಡಿಸಿ.

ನೆಲ ನಯಗೊಳಿಸುವ ಯಂತ್ರವಾದ ಪವರ್ ಟ್ರೋವೆಲ್ ಅನ್ನು ಅವಸರದಿಂದ ಇಳಿಸಿದರೆ ನಾರು ಕಿತ್ತು ಬಂದು ಮೈ ತುಂಬ ರೋಮ ಎದ್ದಂತೆ ಕಾಣುತ್ತದೆ. ಕಾಲಿಟ್ಟರೆ 3ರಿಂದ 5 ಮಿ.ಮೀ. ಮಾತ್ರ ಗುರುತು ಬೀಳುವವರೆಗೆ ಕಾಯಿರಿ. ನಾರಿದೆಯೆಂದು ಕ್ಯೂರಿಂಗ್ (ನೆಲವನ್ನು ಒದ್ದೆಯಾಗಿಡುವುದು) ಬಿಡುವಂತಿಲ್ಲ, ಬಿರುಕು ಗೆರೆಯಲ್ಲೇ ಬೀಳಲೆಂದು ಜಾಯಿಂಟ್ ಕತ್ತರಿಸುವುದನ್ನೂ ಬಿಡುವಂತಿಲ್ಲ. 150 ಮಿ.ಮೀ. ನೆಲಕ್ಕೆ 40ರಿಂದ 50 ಮಿ.ಮೀ. ಆಳ ಕತ್ತರಿಸಿ, ಅಂಚು ಉದುರದಷ್ಟು ಗಟ್ಟಿಯಾದ ಕೂಡಲೇ, ಮರುದಿನಕ್ಕೆ ಮುಂದೂಡದೆ.