ಜಾಮೀನು ಕೊಟ್ಟವರು ಯಾರು?

ಕೇಳುಗರಿಗೆ ನಮಸ್ಕಾರ.

ಕಾನೂನಿನ ಭಾಷೆ ಅಂದ ಕೂಡಲೇ ಯಾವ ಪದಗಳು ನೆನಪಾಗುತ್ತವೆ? ದಾವೆ, ತೀರ್ಪು, ಜಾಮೀನು, ತಡೆಯಾಜ್ಞೆ. ಎಲ್ಲವೂ ನಾಮಪದಗಳೇ, ಅಲ್ವಾ? ಕಾನೂನಿನ ನಿಘಂಟು ತೆರೆದರೂ ಜಾಸ್ತಿ ಕಾಣುವುದು ಇವೇ. ಕ್ರಿಯಾಪದ ಎಲ್ಲೋ ಮೂಲೆಯಲ್ಲಿರುತ್ತದೆ. ನಾನು ಇವತ್ತು ಹೇಳುವುದು ಒಂದೇ ಮಾತು: ಕಾನೂನಿನ ನಾಮಪದವನ್ನು ಒಂಟಿಯಾಗಿ ಕಲಿಯಬೇಡಿ, ಅದರ ಕ್ರಿಯಾಪದದ ಜೊತೆಗೇ ಕಲಿಯಿರಿ.

ಅನುವಾದ ಕಲಿಯುತ್ತಿದ್ದ ಹುಡುಗಿಯೊಬ್ಬಳು ಒಮ್ಮೆ ನನ್ನ ಹತ್ತಿರ ಒಂದು ಹಾಳೆ ತಂದಳು. ಸಾಕ್ಷಿಯೊಬ್ಬರ ಹೇಳಿಕೆಯನ್ನು ಇಂಗ್ಲಿಷಿಗೆ ತಿರುಗಿಸಿದ್ದಳು. ಮೂಲದಲ್ಲಿ ಒಂದು ಸಾಲು ಹೀಗಿತ್ತು: 'ತಮ್ಮನಿಗೆ ಅಣ್ಣ ಜಾಮೀನು ಕೊಟ್ಟ.' ಅವಳು ಜಾಮೀನಿಗೆ 'ಬೇಲ್' ಅಂತ ಹಾಕಿದ್ದಳು, ಕೊಟ್ಟ ಅನ್ನುವುದಕ್ಕೆ 'ಗ್ರಾಂಟೆಡ್' ಅಂತ. ಅಂದರೆ ಏನಾಯಿತು? ತಮ್ಮನನ್ನು ಬಿಡುಗಡೆ ಮಾಡಿ ಅಂತ ಅಣ್ಣನೇ ಆದೇಶ ಕೊಟ್ಟ ಹಾಗಾಯಿತು!

'ಅಣ್ಣನಿಗೆ ಆ ಅಧಿಕಾರ ಎಲ್ಲಿಂದ ಬಂತಮ್ಮ?' ಅಂದೆ. ಅವಳು ಮಾತಾಡದೆ ನಿಘಂಟು ತೆರೆದು ತೋರಿಸಿದಳು. ನಾಮಪದ ಇತ್ತು, ಅರ್ಥ ಇತ್ತು. ಕ್ರಿಯಾಪದ ಒಂದೂ ಇರಲಿಲ್ಲ. ತಪ್ಪು ಅವಳದ್ದು ಅಂತ ನಾನು ಹೇಗೆ ಹೇಳಲಿ?

ಅವತ್ತು ಮಧ್ಯಾಹ್ನವೆಲ್ಲ ಇಬ್ಬರೂ ಕೂತು ಬರೆದೆವು. ಆರೋಪಿ ಜಾಮೀನು ಕೇಳುತ್ತಾನೆ, ಸಿಕ್ಕರೆ ಜಾಮೀನು ಪಡೆಯುತ್ತಾನೆ. ನ್ಯಾಯಾಲಯ ಜಾಮೀನು ಮಂಜೂರು ಮಾಡುತ್ತದೆ, ಇಲ್ಲವೇ ನಿರಾಕರಿಸುತ್ತದೆ. ಷರತ್ತು ಮುರಿದರೆ ರದ್ದು ಮಾಡಬಹುದು. ಅಣ್ಣ ಜಾಮೀನು ನಿಲ್ಲುತ್ತಾನೆ. 'ಕರೆದ ದಿನ ಇವನು ಬರುತ್ತಾನೆ, ಅದಕ್ಕೆ ನಾನು ಹೊಣೆ' ಅಂತ ಬರೆದುಕೊಡುತ್ತಾನೆ. ನೋಡಿ, ಪದ ಅದೇ. ಕ್ರಿಯಾಪದ ಬದಲಾದ ಹಾಗೆ ಮನುಷ್ಯನೇ ಬದಲಾಗುತ್ತಾನೆ. 'ಕೊಡು' ಮಾತ್ರ ನ್ಯಾಯಾಲಯಕ್ಕೂ ಸಲ್ಲುತ್ತದೆ, ಅಣ್ಣನಿಗೂ ಸಲ್ಲುತ್ತದೆ. ಹುಡುಗಿ ಎಡವಿದ್ದು ಅಲ್ಲೇ.

ತಡೆಯಾಜ್ಞೆಯೂ ಹಾಗೇ. ನ್ಯಾಯಾಲಯ ಕೊಡುತ್ತದೆ, ಕಕ್ಷಿದಾರ ತರುತ್ತಾನೆ. ದಾವೆಯನ್ನು ಹೂಡುತ್ತೇವೆ. ಎತ್ತು ಹೂಡುವ, ಬಾಣ ಹೂಡುವ ಅದೇ 'ಹೂಡು'. ಆರೋಪವನ್ನು ಹೊರಿಸುತ್ತಾರೆ. ಹೊರಿಸಿದ ಮಾತ್ರಕ್ಕೆ ಅದು ಸಾಬೀತಾಗುವುದಿಲ್ಲ, ಸಾಬೀತಾಗುವುದು ಬೇರೆಯೇ ಕ್ರಿಯೆ. ಇನ್ನು 'ತೀರ್ಪು' ಹುಟ್ಟಿದ್ದೇ 'ತೀರು' ಅನ್ನುವ ಕ್ರಿಯಾಪದದಿಂದ. ಇಷ್ಟೆಲ್ಲ ಇರುವಾಗ ನಿಘಂಟು ಮಾಡುವವರು ಸುಮ್ನೆ ನಾಮಪದ ಪೋಣಿಸಿ ಯಾಕೆ ಬಿಡುತ್ತಾರೋ!

ಸಮಯ ಮುಗಿಯುತ್ತಾ ಬಂತು, ಇನ್ನೊಂದನ್ನು ಬೇಗ ಹೇಳಿಬಿಡುತ್ತೇನೆ. 'ಸಲ್ಲಿಸತಕ್ಕದ್ದು' ಅಂದರೆ ಸಲ್ಲಿಸಲೇಬೇಕು. 'ಸಲ್ಲಿಸಬಹುದು' ಅಂದರೆ ಆಯ್ಕೆ ನಿಮ್ಮದು. ಇಂಗ್ಲಿಷಿನಲ್ಲಿ ಬರೆದ ಕಾನೂನುಗಳಲ್ಲಿ ಈ 'ತಕ್ಕದ್ದು' ಅನ್ನುವುದಕ್ಕೆ 'ಶಲ್' ಅನ್ನುವ ಪದ ಬಳಸುತ್ತಾ ಬಂದಿದ್ದಾರೆ. ಅದು ಎಷ್ಟು ಗೊಂದಲ ಮಾಡಿತು ಅಂದರೆ, ಅಮೆರಿಕದ ಫೆಡರಲ್ ನ್ಯಾಯಾಲಯಗಳ ಸಿವಿಲ್ ವಿಚಾರಣೆಯ ನಿಯಮಗಳನ್ನು 2007ರಲ್ಲಿ ತಿದ್ದಿ ಬರೆದಾಗ 'ಶಲ್' ಕೈಬಿಟ್ಟು, ಕಡ್ಡಾಯ ಇರುವ ಕಡೆ 'ಮಸ್ಟ್' ಅಂತ ಹಾಕಿದರು. ದಕ್ಷಿಣ ಆಫ್ರಿಕಾದ 1996ರ ಸಂವಿಧಾನದಲ್ಲೂ 'ಮಸ್ಟ್' ಅಂತಲೇ ಇದೆ.

ನಿಮ್ಮ ಕೈಗೆ ಕರಾರುಪತ್ರ ಬಂದರೆ ಸಹಿ ಹಾಕುವ ಮೊದಲು ಪ್ರತಿ ವಾಕ್ಯದ ಕೊನೆಯನ್ನು ಇನ್ನೊಮ್ಮೆ ಓದಿ. ಕನ್ನಡದಲ್ಲಿ ಕ್ರಿಯಾಪದ ಕೂತಿರುವುದು ಅಲ್ಲೇ.

ನಮಸ್ಕಾರ.